ಇನೋಕಿ ಹಿಡಿದ ಎರಡು ತೋಳು: ಟೈಗರ್ ಜೀತ್ ಸಿಂಗ್ ಎಂಬ ವಿಲನ್‌ನ ಪ್ರಕರಣ

1973ರ ನವೆಂಬರ್. ಟೋಕಿಯೊದ ಶಿಂಜುಕು ಪೇಟೆ. ಇಸೆಟಾನ್ ಎಂಬ ದೊಡ್ಡ ಮಳಿಗೆಯ ಮುಂದೆ ಜಪಾನಿನ ಹೆಸರಾಂತ ಕುಸ್ತಿಪಟು ಅಂಟೋನಿಯೊ ಇನೋಕಿ ಹೆಂಡತಿಯ ಜೊತೆ ಬಂದಿದ್ದ. ಹೆಂಡತಿ ಮಿತ್ಸುಕೊ ಬೈಶೋ ಸಿನಿಮಾ ನಟಿ. ಸುತ್ತಲೂ ಸಂತೆಯ ಹಾಗೆ ಜನ. ಅಷ್ಟರಲ್ಲಿ ಒಬ್ಬ ಎತ್ತರದ ಭಾರತೀಯ ತನ್ನ ಸಂಗಡಿಗರನ್ನು ಕಟ್ಟಿಕೊಂಡು ಬಂದು, ನಡುರಸ್ತೆಯಲ್ಲೇ ಇನೋಕಿ ಮೇಲೆ ಬಿದ್ದ. ಜನ ಚೀರಾಡಿದರು. ಪೊಲೀಸರಿಗೆ ಫೋನ್ ಹೋಯಿತು. ಪತ್ರಿಕೆಗಳಲ್ಲಿ ಸುದ್ದಿ ಬಂತು.

ಆ ಭಾರತೀಯನ ಹೆಸರು ಟೈಗರ್ ಜೀತ್ ಸಿಂಗ್. ಪಂಜಾಬಿನವನು, ಕೆನಡಾದಲ್ಲಿ ನೆಲೆಸಿದ್ದವನು. ಆ ವರ್ಷವಷ್ಟೇ ಇನೋಕಿಯ ಕಂಪನಿಗೆ ಕುಸ್ತಿ ಆಡಲು ಬಂದಿದ್ದ.

ಪೊಲೀಸರು ಕೇಳಿದ ಪ್ರಶ್ನೆ ಸರಳವಾಗಿತ್ತು. ಇದು ಖರೇ ಜಗಳವೋ, ನಾಟಕವೋ? ಖರೇ ಜಗಳ ಅಂದರೆ ಹೊಡೆದವನನ್ನು ಹಿಡಿದು ಒಳಗೆ ಹಾಕಬೇಕು. ನಾಟಕ ಅಂದರೆ ಸಾರ್ವಜನಿಕ ರಸ್ತೆಯಲ್ಲಿ ಗದ್ದಲ ಎಬ್ಬಿಸಿದ್ದಕ್ಕೆ ಕಂಪನಿ ಮೇಲೆ ಕೇಸು. ಇನೋಕಿಯ ಕಂಪನಿ ಎರಡರ ನಡುವೆ ಸಿಕ್ಕಿಕೊಂಡಿತು. ಖರೇ ಅಂದರೆ ಹೊಸದಾಗಿ ಸಿಕ್ಕ ವಿಲನ್ ಜೈಲಿಗೆ. ನಾಟಕ ಅಂದರೆ ಮರುದಿನದಿಂದ ಟಿಕೆಟ್ ಯಾರು ಕೊಳ್ಳಬೇಕು? ಕೊನೆಗೆ ಕಂಪನಿ ಪೊಲೀಸರಿಗೆ ಕ್ಷಮೆ ಕೇಳಿ ಬರೆದುಕೊಟ್ಟಿತು. ಸಿಂಗ್ ಜೈಲಿಗೆ ಹೋಗಲಿಲ್ಲ. ನಾಟಕ ಅಂತ ಕಂಪನಿಯೂ ಬಾಯಿ ಬಿಡಲಿಲ್ಲ.

ಇಷ್ಟು ಹಳೆಯ ಜಪಾನಿನ ಕಥೆ ಹುಬ್ಬಳ್ಳಿಯಲ್ಲಿ ಕೂತು ಯಾಕೆ ಬರೆಯುತ್ತಿದ್ದೇನೆ ಅಂದರೆ, ನಾನು ಓಡಾಡುವ ಒಂದು ಜಾತ್ರೆಯ ಕುಸ್ತಿ ಕಮಿಟಿಯಲ್ಲಿ ಇದೇ ಮಾತು ಎದ್ದಿತು. ಕುಸ್ತಿಗೆ ಜನ ಸೇರಿಸುವುದು ಹೇಗೆ ಅಂತ ಚರ್ಚೆ ನಡೆದಿತ್ತು. ಮೊಬೈಲ್‌ನಲ್ಲಿ ಡಬ್ಲ್ಯುಡಬ್ಲ್ಯುಇ ಎಂಬ ಅಮೆರಿಕದ ಟಿವಿ ಕುಸ್ತಿ ನೋಡುವ ಒಬ್ಬ ಹುಡುಗ ಎದ್ದು ನಿಂತ.

"ಕಾಕಾ, ಮಂದಿ ಕುಸ್ತಿ ನೋಡಾಕ ಬರೂದಿಲ್ಲರೀ, ಜಗಳ ನೋಡಾಕ ಬರ್ತಾರ. ಹೊರಗಿನಾವ ಒಬ್ಬನ್ನ ಕರ್ಕೊಂಡ ಬಂದು ವಿಲನ್ ಮಾಡೂಣು. ಮೈಕ್ ಹಿಡದು ನಮ್ಮೂರ ಮಂದೀನ ಬೈಲಿ. ಆಮ್ಯಾಲ ನಮ್ಮ ಹುಡುಗ ಅವನ್ನ ಚಿತ್ ಮಾಡ್ಲಿ. ಕಣಾ ತುಂಬತೈತಿ ನೋಡ್ರಿ."

ಗರಡಿಯ ವಸ್ತಾದರು ತುಸು ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಆತಪಾ. ಬೈಸ್ಕೊಳ್ಳಾಕ ಅವಾ ಒಪ್ಯಾನೇನು? ಒಪ್ಪಿದ್ರೂ, ರಾತ್ರಿ ಅವನ್ನ ಊರು ಮುಟ್ಟಸಾವ್ರು ಯಾರು?"

ಈ ಎರಡು ಪ್ರಶ್ನೆಗಳಿಗೆ ಸಿಂಗ್‌ನ ಪ್ರಕರಣದಲ್ಲಿ ಚೆನ್ನಾದ ಉತ್ತರ ಇದೆ ಅಂತ ನನಗೆ ಅನ್ನಿಸಿತು. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ವಿಲನ್ ಬೇಕಾಗಿದ್ದು ಯಾರಿಗೆ

ಟೈಗರ್ ಜೀತ್ ಸಿಂಗ್‌ನ ನಿಜವಾದ ಹೆಸರು ಜಗಜಿತ್ ಸಿಂಗ್ ಹನ್ಸ್. ಹುಟ್ಟಿದ್ದು 1944ರಲ್ಲಿ, ಪಂಜಾಬಿನಲ್ಲಿ. ಹರೆಯದಲ್ಲೇ ಕೆನಡಾಕ್ಕೆ ಹೋದ. ಅಲ್ಲಿ ಫ್ರೆಡ್ ಅಟ್ಕಿನ್ಸ್ ಎಂಬ ಹಳೆಯ ಕುಸ್ತಿಪಟುವಿನ ಕೈಯಲ್ಲಿ ತಯಾರಾದ. ಅಟ್ಕಿನ್ಸ್ ತರಬೇತಿ ಕಠಿಣ ಅಂತ ಹೆಸರುವಾಸಿ. ಜಪಾನಿನ ದೈತ್ಯ ಕುಸ್ತಿಪಟು ಜೈಂಟ್ ಬಾಬಾನನ್ನು ತಿದ್ದಿದವನೂ ಇವನೇ. 1965ರಲ್ಲಿ ಸಿಂಗ್ ಕಣಕ್ಕಿಳಿದ. ಟೊರೊಂಟೊದ ಮೇಪಲ್ ಲೀಫ್ ಗಾರ್ಡನ್ಸ್ ಆಗ ಆ ಕಡೆಯ ಕುಸ್ತಿಗೆ ದೊಡ್ಡ ಜಾಗ. ಜಾನಿ ವ್ಯಾಲೆಂಟೈನ್, ದಿ ಶೇಕ್ ಎಂಬ ಹೆಸರಿನವರ ಜೊತೆ ಅಲ್ಲಿ ಅವನ ಕಾದಾಟ ನಡೆದವು. ಊರು ಬಿಟ್ಟು ಹೋಗಿ ಟೊರೊಂಟೊದಲ್ಲಿ ನೆಲೆಸಿದ್ದ ಭಾರತೀಯರಿಗೆ ಅವನು ನಮ್ಮವನು. ಅವರು ಅವನಿಗೆ ಚಪ್ಪಾಳೆ ತಟ್ಟಲೆಂದೇ ಬರುತ್ತಿದ್ದರು.

ಅದೇ ಮನುಷ್ಯ ಜಪಾನಿನಲ್ಲಿ ರಾಕ್ಷಸನಾದ. ಅವನ ಸ್ವಭಾವ ಬದಲಾಗಿರಲಿಲ್ಲ, ನೋಡುವವರು ಬದಲಾಗಿದ್ದರು.

ಜಪಾನಿನ ವೃತ್ತಿ ಕುಸ್ತಿಗೆ, ಅಂದರೆ ಸೋಲು ಗೆಲುವು ಮೊದಲೇ ಗೊತ್ತು ಮಾಡಿಕೊಂಡು ಟಿಕೆಟ್ ಇಟ್ಟು ಆಡುವ ಕುಸ್ತಿಗೆ, ಒಂದು ಹಳೆಯ ಚೌಕಟ್ಟು ಇತ್ತು. 1954ರಲ್ಲಿ ರಿಕಿಡೊಜಾನ್ ಎಂಬವನು ಅಮೆರಿಕದಿಂದ ಬಂದ ಶಾರ್ಪ್ ಸಹೋದರರನ್ನು ಎದುರಿಸಿದಾಗ, ಜನ ರಸ್ತೆಬದಿಯ ಟಿವಿಗಳ ಮುಂದೆ ಮುಗಿಬಿದ್ದು ನೋಡಿದರು. ಯುದ್ಧದಲ್ಲಿ ಸೋತ ದೇಶ ಅದು. ಹೊರಗಿನಿಂದ ಬಂದ ಧಡೂತಿ ಆಸಾಮಿ ಮೋಸದಾಟ ಆಡುತ್ತಾನೆ, ನಮ್ಮವನು ತಡೆದುಕೊಂಡು ತಡೆದುಕೊಂಡು ಕೊನೆಗೆ ಏಟು ಕೊಡುತ್ತಾನೆ. ಇಷ್ಟೇ ಕಥೆ. ರಿಕಿಡೊಜಾನ್ ಸ್ವತಃ ಕೊರಿಯಾ ಮೂಲದವನು, ಬದುಕಿದ್ದಷ್ಟು ದಿನ ಅದನ್ನು ಮುಚ್ಚಿಟ್ಟಿದ್ದರು. ನಮ್ಮವನು, ಹೊರಗಿನವನು ಅನ್ನುವುದನ್ನು ವೃತ್ತಿ ಕುಸ್ತಿ ಎಷ್ಟು ಸಲೀಸಾಗಿ ಕಟ್ಟಿಬಿಡುತ್ತದೆ ನೋಡಿ.

ರಿಕಿಡೊಜಾನ್ 1963ರಲ್ಲಿ ತೀರಿಕೊಂಡ. ಅವನ ಇಬ್ಬರು ಶಿಷ್ಯರು ಬಾಬಾ ಮತ್ತು ಇನೋಕಿ. 1972ರಲ್ಲಿ ಇಬ್ಬರೂ ಬೇರೆ ಬೇರೆ ಕಂಪನಿ ಕಟ್ಟಿದರು. ಬಾಬಾನಿಗೆ ಅಮೆರಿಕದ ಕುಸ್ತಿ ಸಂಘದ ನಂಟು ಗಟ್ಟಿಯಾಗಿತ್ತು, ದೊಡ್ಡ ಹೆಸರಿನ ವಿದೇಶಿಗಳೆಲ್ಲ ಅವನ ಕಡೆಗೆ ಹೋದರು. ಇನೋಕಿಯ ನ್ಯೂ ಜಪಾನ್ ಕಂಪನಿಗೆ 1973ರ ಏಪ್ರಿಲ್‌ನಲ್ಲಿ ಟಿವಿ ಪ್ರಸಾರವೇನೋ ಸಿಕ್ಕಿತು. ಆದರೆ ಪ್ರತಿ ಶುಕ್ರವಾರ ರಾತ್ರಿ ಟಿವಿಯಲ್ಲಿ ಯಾರ ಜೊತೆ ಹೊಡೆದಾಡಬೇಕು? ಎದುರಾಳಿ ಇಲ್ಲದ ಹೀರೊ ಅಂದರೆ ಗಂಟೆಗಟ್ಟಲೆ ಸುಮ್ನೆ ತೊಡೆ ತಟ್ಟುತ್ತ ನಿಂತ ಪೈಲವಾನ. ಇನೋಕಿಗೆ ವಿಲನ್ ಬೇಕಿತ್ತು. ಹೆಸರಿದ್ದವರು ಸಿಗಲಿಲ್ಲ. ಹಾಗಾಗಿ ಹೆಸರಿಲ್ಲದವನಿಗೆ ಹೆಸರು ಮಾಡಬೇಕಾಯಿತು.

ಸಿಂಗ್ ಬಂದದ್ದು ಮೇ ತಿಂಗಳಲ್ಲಿ. ಕಂಪನಿ ಅವನನ್ನು ಪಟ್ಟಿಯಲ್ಲಿ ಹೆಸರು ಹಾಕಿ ಕರೆಯಲಿಲ್ಲ. ಬೇರೆ ಇಬ್ಬರ ಕುಸ್ತಿ ನಡೆದಾಗ, ಪ್ರೇಕ್ಷಕರ ನಡುವಿನಿಂದ ಒಬ್ಬ ಎದ್ದು ನುಗ್ಗಿ ಹೊಡೆಯತೊಡಗಿದ. ಇವನ್ಯಾರು, ಯಾಕೆ ಹೊಡೆದ, ಯಾರಿಗೂ ಗೊತ್ತಿಲ್ಲ. ಮೊದಲ ದಿನವೇ ಜನರಿಗೆ ತಲೆ ಕೆಟ್ಟಿತು. 'ಭಾರತದ ಹುಚ್ಚು ಹುಲಿ' ಅಂತ ಹೆಸರು ಬಿತ್ತು.

ಕತ್ತಿಯ ಹಿಡಿಕೆ

ಸಿಂಗ್‌ನ ಫೋಟೊ ನೋಡಿದವರಿಗೆ ಮೊದಲು ಕಾಣುವುದು ಪೇಟ ಮತ್ತು ಬಾಯಲ್ಲಿ ಅಡ್ಡ ಕಚ್ಚಿದ ಕತ್ತಿ. ಕತ್ತಿ ಬೀಸುತ್ತಲೇ ಕಣಕ್ಕೆ ಬರುತ್ತಿದ್ದ. ಅದೂ ನೆಟ್ಟಗೆ ಬರುವುದಲ್ಲ. ಕುರ್ಚಿಗಳ ಸಾಲಿನೊಳಗೆ ನುಗ್ಗಿ, ಜನರನ್ನು ಅಟ್ಟಿಸಿಕೊಂಡು, ಕುರ್ಚಿ ಉರುಳಿಸಿಕೊಂಡು ಬರುತ್ತಿದ್ದ. ಪ್ರೇಕ್ಷಕರು ನಿಜಕ್ಕೂ ಎದ್ದು ಓಡುತ್ತಿದ್ದರು.

ಆದರೆ ಕಣದೊಳಗೆ ಬಂದ ಮೇಲೆ ಕತ್ತಿಯ ಅಲಗು ಎದುರಾಳಿಗೆ ತಾಗುವುದಿಲ್ಲ. ಹೊಡೆಯುವುದು ಹಿಡಿಕೆಯಿಂದ. ಹಳೆಯ ವಿಡಿಯೊ ತುಣುಕುಗಳನ್ನು ನಿಧಾನಕ್ಕೆ ಓಡಿಸಿ ನೋಡಿ, ಗೊತ್ತಾಗುತ್ತದೆ. ಕೈ ಭಯಂಕರವಾಗಿ ಮೇಲೆ ಹೋಗುತ್ತದೆ, ಕಣ್ಣು ಕೆಕ್ಕರಿಸುತ್ತವೆ, ಹಲ್ಲು ಕಾಣುತ್ತವೆ. ಕೆಳಗೆ ಬರುವಾಗ ಮುಷ್ಟಿ ತಿರುಗಿರುತ್ತದೆ, ಅಲಗು ಹಿಂದಕ್ಕೆ ಹೋಗಿರುತ್ತದೆ. ಸಿಟ್ಟು ನೆತ್ತಿಗೇರಿದವನ ಕೈ ಹಾಗೆ ಲೆಕ್ಕ ಹಾಕಿ ತಿರುಗುವುದಿಲ್ಲ, ಅಲ್ವಾ? ಹುಚ್ಚು ಹುಲಿ ಅಂತ ಜನ ಕರೆದವನ ಮಣಿಕಟ್ಟಿನಲ್ಲಿ ಅಷ್ಟು ಎಚ್ಚರ ಇತ್ತು. ಕುತ್ತಿಗೆಗೆ ಬೆರಳು ಒತ್ತಿ ಹಿಡಿಯುವ 'ಕೋಬ್ರಾ ಕ್ಲಾ' ಅವನ ಮುಖ್ಯ ಪಟ್ಟು. ಅದೂ ಹಾಗೆಯೇ. ನೋಡುವವರಿಗೆ ಜೀವ ಹೋದಂತೆ ಕಾಣಬೇಕು, ಹಿಡಿಸಿಕೊಂಡವನಿಗೆ ಉಸಿರಾಡಲು ಜಾಗ ಇರಬೇಕು.

ಇದನ್ನು 'ಸುಳ್ಳು ಕುಸ್ತಿ' ಅಂತ ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಗೆಲ್ಲುವವನು ಯಾರು ಅನ್ನುವುದು ಮೊದಲೇ ನಿಗದಿ ಆಗಿರುತ್ತದೆ, ನಿಜ. ಆದರೆ ನೂರು ಕಿಲೊ ಮೈಯನ್ನು ಎತ್ತಿ ಒಗೆದರೆ ಬೀಳುವವನಿಗೆ ಪೆಟ್ಟು ಬೀಳುತ್ತದೆ. ಬೆನ್ನು ಅಗಲ ಮಾಡಿ, ಗದ್ದ ಎದೆಗೆ ಒತ್ತಿ, ಅಂಗೈ ನೆಲಕ್ಕೆ ಬಡಿದು ಬೀಳುವುದನ್ನು ವರ್ಷಗಟ್ಟಲೆ ಕಲಿಯಬೇಕು. ಎತ್ತುವವನು ಒಂದು ಗೇಣು ತಪ್ಪಿದರೆ ಬಿದ್ದವನ ಕುತ್ತಿಗೆ ಹೋಯಿತು. ವಿಲನ್ ಆದವನಿಗೆ ಈ ಜವಾಬ್ದಾರಿ ಇನ್ನೂ ಜಾಸ್ತಿ. ಆಟದ ಬಹುಪಾಲು ಹೊತ್ತು ಹೊಡೆಯುವವನು ಅವನೇ. ಹೀರೊನ ಮೈ ಅವನ ಕೈಯಲ್ಲಿರುತ್ತದೆ. ಮಾರನೇ ದಿನ ಇನ್ನೊಂದು ಊರಲ್ಲಿ ಅದೇ ಹೀರೊ ಗಟ್ಟಿಮುಟ್ಟಾಗಿ ನಿಲ್ಲಬೇಕು, ಇಲ್ಲದಿದ್ದರೆ ಇಬ್ಬರಿಗೂ ಕೂಲಿ ಇಲ್ಲ.

ಕಣದ ಹೊರಗೂ ಸಿಂಗ್ ವೇಷ ಕಳಚಲಿಲ್ಲ. ಜಪಾನಿನಲ್ಲಿದ್ದಾಗ ಹೋಟೆಲ್ಲಿನಲ್ಲಿ, ಪ್ರಯಾಣದಲ್ಲಿ, ಪತ್ರಕರ್ತರ ಮುಂದೆ, ಎಲ್ಲಿಯೂ ಹಲ್ಲು ಬಿಟ್ಟು ನಗದಿರುವುದಕ್ಕೆ ಹೆಸರಾದ. ಗದಗ, ಹುಬ್ಬಳ್ಳಿಯಲ್ಲಿ ಕ್ಯಾಂಪ್ ಹಾಕುವ ನಾಟಕ ಕಂಪನಿಗಳಲ್ಲಿ ಖಳನ ಪಾತ್ರ ಮಾಡುವವರಿಗೆ ಇದರ ಅರ್ಧ ಕಷ್ಟ ಗೊತ್ತು. ರಂಗದ ಮೇಲೆ ಶಾಪ ಹಾಕಿಸಿಕೊಂಡಷ್ಟೂ ಪಾತ್ರ ಗೆದ್ದಂತೆ. ಆದರೆ ಅವರು ಬಣ್ಣ ಒರೆಸಿಕೊಂಡು ಹೊರಗೆ ಬಂದು ಚಹಾ ಅಂಗಡಿಯಲ್ಲಿ ಕೂತರೆ ಜನ ಬಂದು "ಭಾಳ ಛಲೋ ಮಾಡಿದ್ರಿ" ಅಂತ ಕೈ ಕುಲುಕುತ್ತಾರೆ. ಸಿಂಗ್‌ಗೆ ಆ ಚಹಾ ಅಂಗಡಿ ಇರಲಿಲ್ಲ. ಬಣ್ಣ ಒರೆಸುವ ಹೊತ್ತೇ ಬರುತ್ತಿರಲಿಲ್ಲ.

ಮೊದಲನೆಯ ತೋಳು

ಶಿಂಜುಕು ಘಟನೆ ಆದ ಮೇಲೆ ಕಥೆ ತಾನೇ ಬೆಳೆಯಿತು. ಹೆಂಡತಿಯ ಕಣ್ಣೆದುರು ಹೊಡೆಸಿಕೊಂಡ ಗಂಡ ಸೇಡು ತೀರಿಸಿಕೊಳ್ಳಲೇಬೇಕು. ಪೊಲೀಸರ ಮಾತು ಬಂದದ್ದರಿಂದ, ಪತ್ರಿಕೆಯಲ್ಲಿ ಸುದ್ದಿ ಆದದ್ದರಿಂದ, ಕುಸ್ತಿ ನೋಡದವರಿಗೂ ಈ ಇಬ್ಬರ ಹಗೆ ಗೊತ್ತಾಯಿತು.

1974ರ ಜೂನ್ 26. ಒಸಾಕಾ. ಆ ರಾತ್ರಿ ಇನೋಕಿ ಬೇರೆ ಎಲ್ಲ ಪಟ್ಟು ಬಿಟ್ಟು ಸಿಂಗ್‌ನ ಒಂದೇ ತೋಳಿಗೆ ಗಂಟುಬಿದ್ದ. ಎದುರಾಳಿಯ ಕೈಯನ್ನು ಅಂಗೈ ಮೇಲಾಗಿ ತಿರುಗಿಸಿ, ಮೊಣಕೈಯನ್ನು ತನ್ನ ಭುಜದ ಮೇಲೆ ಇಟ್ಟು, ಕೆಳಗೆ ಜಗ್ಗುವ ಪಟ್ಟು ಅದು. ಮತ್ತೆ ಮತ್ತೆ ಅದನ್ನೇ ಹಾಕಿದ. ಸಿಂಗ್ ಒದ್ದಾಡಿದ, ಕೈ ಜೋತುಬಿತ್ತು, ಆಟ ನಿಲ್ಲಿಸಬೇಕಾಯಿತು. ಇನೋಕಿ ಸಿಂಗ್‌ನ ತೋಳು ಮುರಿದ ರಾತ್ರಿ ಅಂತಲೇ ಜಪಾನಿನ ಕುಸ್ತಿಪ್ರೇಮಿಗಳು ಇವತ್ತಿಗೂ ಅದನ್ನು ನೆನೆಯುತ್ತಾರೆ.

ಮುಂದೆ ಏನಾಯಿತು? 1975ರ ಮಾರ್ಚ್‌ನಲ್ಲಿ ಹಿರೋಶಿಮಾದಲ್ಲಿ ಅದೇ ಸಿಂಗ್, ಅದೇ ತೋಳಿನಿಂದ, ಇನೋಕಿಯನ್ನು ಸೋಲಿಸಿ ಎನ್‌ಡಬ್ಲ್ಯುಎಫ್ ಎಂಬ ಚಾಂಪಿಯನ್ ಪಟ್ಟ ಗೆದ್ದ. ಜೂನ್ 26ರಂದು, ಅಂದರೆ ತೋಳು ಮುರಿದ ದಿನಕ್ಕೆ ಸರಿಯಾಗಿ ಒಂದು ವರ್ಷಕ್ಕೆ, ಇನೋಕಿ ಅದನ್ನು ಮರಳಿ ಗೆದ್ದುಕೊಂಡ. ಆಮೇಲೂ ಇವರ ಕಾದಾಟ ವರ್ಷಗಟ್ಟಲೆ ನಡೆಯಿತು. ಸಿಂಗ್ ಜೊತೆಗೆ ಉಮಾನೊಸುಕೆ ಉಎಡಾ ಎಂಬ ಜಪಾನಿ ಕುಸ್ತಿಪಟು ಸೇರಿಕೊಂಡ, ಕೂದಲಿಗೆ ಬಂಗಾರದ ಬಣ್ಣ ಹಚ್ಚಿಕೊಂಡು. ಹೊರಗಿನ ಹುಲಿಯ ಜೊತೆ ಊರೊಳಗಿನ ದ್ರೋಹಿ. ಜನರಿಗೆ ಉರಿಯಲು ಇನ್ನೇನು ಬೇಕು?

ತೋಳು ಮುರಿಸಿಕೊಳ್ಳುವುದಕ್ಕೆ ಸಿಂಗ್ ಒಪ್ಪಿದ್ದ. ಈ ಪ್ರಕರಣದ ತಿರುಳು ನನ್ನ ಲೆಕ್ಕದಲ್ಲಿ ಇದೇ. ಒಪ್ಪಿ ಕೊಟ್ಟ ತೋಳು ಅದು. ಅದನ್ನು ಹಿಡಿದವನಿಗೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿತ್ತು. ಕೊಟ್ಟವನಿಗೆ ನಾಳೆಯೂ ಕೆಲಸ ಇರುತ್ತದೆ ಅನ್ನುವ ಭರವಸೆ ಇತ್ತು.

ಎರಡನೆಯ ತೋಳು

1976ರ ಡಿಸೆಂಬರ್. ಕರಾಚಿ. ಈಗ ಇನೋಕಿಯ ಎದುರು ನಿಂತವನು ಅಕ್ರಮ್ ಪೈಲವಾನ.

ಅಕ್ರಮ್ ಯಾರು ಅಂತ ನಮ್ಮ ಕಡೆಯ ಗರಡಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅವನು ಗಾಮಾನ ಮನೆತನದವನು. 1910ರಲ್ಲಿ ಲಂಡನ್ನಿಗೆ ಹೋಗಿ, 1928ರಲ್ಲಿ ಪಟಿಯಾಲಾದಲ್ಲಿ ಪೋಲೆಂಡಿನ ಕುಸ್ತಿಪಟು ಜಿಬಿಸ್ಕೊನನ್ನು ಕ್ಷಣಗಳಲ್ಲಿ ಕೆಡವಿದ ಆ ಗಾಮಾ. ಮಣ್ಣಿನಲ್ಲಿ ಹುಟ್ಟಿ ಮಣ್ಣಿನಲ್ಲೇ ಬೆಳೆದ ಮನೆತನ ಅದು. ಇನೋಕಿ ಅದೇ ವರ್ಷ ಜೂನ್‌ನಲ್ಲಿ ಬಾಕ್ಸರ್ ಮುಹಮ್ಮದ್ ಅಲಿಯ ಜೊತೆ ಆಡಿ ಜಗತ್ತಿನಲ್ಲೆಲ್ಲ ಹೆಸರಾಗಿದ್ದ.

ಕರಾಚಿಯಲ್ಲಿ ಒಸಾಕಾದಂಥ ಒಪ್ಪಂದ ನಿಲ್ಲಲಿಲ್ಲ. ಆಟ ನಿಜದ ಕಾದಾಟಕ್ಕೆ ತಿರುಗಿತು. ಇನೋಕಿ ಅಕ್ರಮ್‌ನ ತೋಳನ್ನು ತಿರುವಿ ಹಿಡಿದ. ಅಕ್ರಮ್ ಸೋತೆ ಅನ್ನಲಿಲ್ಲ. ಪೈಲವಾನ ಸೋತೆ ಅಂತ ಬಾಯಲ್ಲಿ ಹೇಳುವುದಿಲ್ಲ, ಬೆನ್ನು ಮಣ್ಣಿಗೆ ತಾಗಿದರೆ ಮಾತ್ರ ಸೋಲು. ತೋಳಿಗೆ ಖರೇ ಪೆಟ್ಟಾಯಿತು. ಆಟ ಅಲ್ಲಿಗೇ ನಿಂತಿತು. ಸಾವಿರಾರು ಜನ ತಮ್ಮವನ ಕೈ ಜೋತಾಡುವುದನ್ನು ನೋಡಿ ದಂಗಾಗಿ ಕೂತರು.

ಹಿಡಿದವನು ಒಬ್ಬನೇ. ಪಟ್ಟಿನ ದಿಕ್ಕೂ ಹೆಚ್ಚುಕಡಿಮೆ ಅದೇ, ತೋಳಿನ ಕೀಲು. ಒಸಾಕಾದ ತೋಳು ಮುಂದಿನ ಮಾರ್ಚ್‌ಗೆ ಪಟ್ಟ ಗೆದ್ದಿತು. ಕರಾಚಿಯ ತೋಳು ಒಂದು ಮನೆತನದ ಮಾನದ ಪ್ರಶ್ನೆ ಆಯಿತು. ಆ ಮಾನ ಉಳಿಸಲು ಅದೇ ಮನೆಯ ಝಾರಾ ಎಂಬ ಹುಡುಗ ತಯಾರಾದ. 1979ರ ಜೂನ್‌ನಲ್ಲಿ ಲಾಹೋರಿನಲ್ಲಿ ಇನೋಕಿಯನ್ನು ಎದುರಿಸಿದಾಗ ಅವನಿಗೆ ಇಪ್ಪತ್ತೂ ತುಂಬಿರಲಿಲ್ಲ. ಐದು ಸುತ್ತು ಆಡಿದರೂ ಯಾರೂ ಸೋಲಲಿಲ್ಲ. ಕೊನೆಗೆ ಇನೋಕಿ ತಾನೇ ಹೋಗಿ ಝಾರಾನ ಕೈ ಮೇಲೆತ್ತಿ ಹಿಡಿದ. ಅಷ್ಟು ಮಾಡಿದ್ದಕ್ಕೇ ಆ ಊರಿನ ಜನ ಇನೋಕಿಯನ್ನು ಗೌರವದಿಂದ ನೋಡಿದರು. ಒಂದು ತೋಳಿನ ಸಾಲವನ್ನು ಇನ್ನೊಂದು ಕೈ ಎತ್ತಿ ತೀರಿಸಿದಂತೆ ನನಗೆ ಕಾಣುತ್ತದೆ.

ನಮ್ಮ ಕಣದಲ್ಲಿ ವಿಲನ್

ಈಗ ನಮ್ಮ ಕಡೆಗೆ ಬರೋಣ. ಧಾರವಾಡ, ಗದಗ, ಹಾವೇರಿ ಸುತ್ತಿನ ಜಾತ್ರೆಗಳಲ್ಲಿ ನಡೆಯುವುದು ಜಂಗಿ ನಿಕಾಲಿ ಕುಸ್ತಿ. ಅಂಕ ಇಲ್ಲ, ಗಡಿಯಾರದ ಗೊಡವೆ ಇಲ್ಲ. ಬೆನ್ನು ಮಣ್ಣಿಗೆ ತಾಗುವ ತನಕ ಆಟ. ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಲಿಂಬೆಹಣ್ಣು, ಅರಿಷಿಣ ಹಾಕಿ ಹದ ಮಾಡಿರುತ್ತಾರೆ. ಹಲಗಿ ಬಾರಿಸುತ್ತಾರೆ. ಹಿರಿಯರು ಮೈಕಟ್ಟು ನೋಡಿ ಜೋಡಿ ಹಚ್ಚುತ್ತಾರೆ. ಚಿಕ್ಕ ಹುಡುಗರಿಂದ ಶುರುವಾಗಿ ಸಂಜೆಗೆ ದೊಡ್ಡ ಜೋಡಿ. ಕೊಲ್ಹಾಪುರದಲ್ಲಿ ಸಾಮು ಮಾಡಿ ಬಂದವರು ಇರುತ್ತಾರೆ, ಗದಗಿನ ಕ್ರೀಡಾ ಹಾಸ್ಟೆಲ್ಲಿನಲ್ಲಿ ಮ್ಯಾಟ್ ಮೇಲೆ ಕಲಿತವರು ಇರುತ್ತಾರೆ. ಧಾರವಾಡದಲ್ಲಿ 2020ರಲ್ಲಿ ಕುಸ್ತಿ ಹಬ್ಬ ನಡೆದಾಗ ಇವೆರಡೂ ಒಂದೇ ಕಡೆ ನೋಡಲು ಸಿಕ್ಕವು.

ನಮ್ಮಲ್ಲಿ ವಿಲನ್ ಅನ್ನುವ ಪಾತ್ರ ಇಲ್ಲ. ಆದರೆ ವಿಲನ್ ಇದ್ದಾನೆ. ಹೊರಗಿನಿಂದ ಬಂದ ಪೈಲವಾನ ನಮ್ಮೂರ ಹುಡುಗನನ್ನು ಕೆಡವಲಿ ನೋಡೋಣ. ಗದ್ದಲ ಶುರು. "ಬೆನ್ನ ಹತ್ತಿಲ್ಲ, ಬೆನ್ನ ಹತ್ತಿಲ್ಲ!" ಅಂತ ಕೂಗು. ಪಂಚರ ಮೇಲೆ ಒತ್ತಡ. ಆ ಹುಡುಗ ಯಾವ ಊರವನು, ಯಾವ ಜನದವನು ಅನ್ನುವುದೆಲ್ಲ ಬಾಯಿಗೆ ಬರುತ್ತದೆ. ಒಂದು ಊರಲ್ಲಿ ಹೀಗಾದದ್ದನ್ನು ನಾನೇ ನೋಡಿದ್ದೇನೆ. ಗೆದ್ದವನಿಗೆ ಇನ್ನೂ ಮೀಸೆ ಬಲಿತಿರಲಿಲ್ಲ. ಮೈಗೆ ಮಣ್ಣು ಮೆತ್ತಿಕೊಂಡೇ, ಸ್ನಾನ ಕೂಡ ಮಾಡದೆ, ಅಂಗಿಯನ್ನು ಕೈಯಲ್ಲಿ ಹಿಡಿದು ಟೆಂಪೊ ಹತ್ತಿದ. ಅವನ ಸಂಗಡ ಬಂದ ಅಪ್ಪ ಇನಾಮಿನ ರೊಕ್ಕ ಕೇಳಲಿಕ್ಕೂ ನಿಲ್ಲಲಿಲ್ಲ. ಆ ಹುಡುಗ ಯಾರನ್ನೂ ಬೈದಿರಲಿಲ್ಲ. ಮೋಸದಾಟ ಆಡಿರಲಿಲ್ಲ. ಒಳ್ಳೆಯ ಢಾಕ್ ಪಟ್ಟು ಹಾಕಿ ಕೆಡವಿದ್ದ, ಅಷ್ಟೇ.

ಸಿಂಗ್‌ಗೆ ಜಪಾನಿನಲ್ಲಿ ಸಿಕ್ಕಿದ್ದು ಏನೇನು ಅಂತ ಇದರ ಪಕ್ಕ ಇಟ್ಟು ನೋಡಿ. ಬೈಸಿಕೊಳ್ಳಲು ಅವನು ಒಪ್ಪಿದ್ದ. ಅದಕ್ಕೆ ಕೂಲಿ ಇತ್ತು. ಯಾರು ಎಷ್ಟು ಹೊಡೆಯಬೇಕು ಅಂತ ಎದುರಾಳಿಯ ಜೊತೆ ತಿಳಿವಳಿಕೆ ಇತ್ತು. ಪೊಲೀಸರು ಬಾಗಿಲಿಗೆ ಬಂದಾಗ ಕಂಪನಿ ಮುಂದೆ ನಿಂತು ಕ್ಷಮೆ ಬರೆದುಕೊಟ್ಟಿತು, ಅವನನ್ನು ಒಪ್ಪಿಸಿಬಿಡಲಿಲ್ಲ. ನಮ್ಮ ಜಾತ್ರೆಗೆ ಬರುವ ಹೊರಗಿನ ಹುಡುಗನಿಗೆ ಇದರಲ್ಲಿ ಒಂದೂ ಇಲ್ಲ. ಅವನನ್ನು ಕೇಳದೆಯೇ ವಿಲನ್ ಮಾಡುತ್ತೇವೆ.

ಹಾಗಂತ ಸಿಂಗ್‌ನ ದಂಧೆ ಎಲ್ಲ ಚೆನ್ನಾಗಿತ್ತು ಅಂತ ನಾನು ಹೇಳಲಾರೆ. ಪೇಟ ಸುತ್ತಿದವನು, ಕತ್ತಿ ಹಿಡಿದವನು, ಭಾರತದಿಂದ ಬಂದವನು, ಹಾಗಾಗಿ ಹುಚ್ಚ. ಜಪಾನಿನ ಎಷ್ಟೋ ಮನೆಗಳಲ್ಲಿ ಶುಕ್ರವಾರ ರಾತ್ರಿ ಮಕ್ಕಳು ನೋಡಿದ ಭಾರತೀಯ ಇವನು. ಸಿಖ್ಖರ ಪೇಟಕ್ಕೆ ಇರುವ ಗೌರವ ನಮಗೆ ಗೊತ್ತು. ಅದನ್ನು ಭಯದ ಗುರುತಾಗಿ ಮಾರಿದ್ದು ನನಗೆ ಇವತ್ತಿಗೂ ನೋವು ಕೊಡುತ್ತದೆ. ಒಪ್ಪಿದವನು ಒಬ್ಬ. ಅದರ ಭಾರ ಹೊತ್ತವರಲ್ಲಿ ಒಪ್ಪದವರೂ ಇದ್ದರು. ಟೋಕಿಯೊದಲ್ಲಿ ಓದಲು, ದುಡಿಯಲು ಹೋದ ಯಾವುದೋ ಸರದಾರ ಹುಡುಗನನ್ನು ಯಾರೂ ಕೇಳಿರಲಿಲ್ಲ. ನಮ್ಮ ಕಮಿಟಿಯ ಹುಡುಗ 'ಹೊರಗಿನಾವ ಒಬ್ಬನ್ನ' ಅಂದಾಗ ನನಗೆ ಮೊದಲು ಚುಚ್ಚಿದ್ದು ಈ ಮಾತೇ. ಯಾವ ಹೊರಗಿನವನು? ಪಕ್ಕದ ಊರವನೋ, ಬೇರೆ ಜನದವನೋ, ಬೇರೆ ದೇವರಿಗೆ ಕೈ ಮುಗಿಯುವವನೋ? ಮೈಕಿನಲ್ಲಿ ಅವನು ನಮ್ಮನ್ನು ಬೈದದ್ದು ಆಟ ಮುಗಿದ ಮೇಲೆ ಮುಗಿಯುವುದಿಲ್ಲ. ಜಾತ್ರೆಯ ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಅವನ ಊರಿನವರೆಲ್ಲ ಅದನ್ನು ಹೊರಬೇಕಾಗುತ್ತದೆ.

ಇನ್ನೊಂದು ಮಾತು. ವೃತ್ತಿ ಕುಸ್ತಿಯಲ್ಲಿ ವಿಲನ್ ನಡೆಯುವುದು ಫಲಿತಾಂಶ ಮೊದಲೇ ಗೊತ್ತಿರುವುದರಿಂದ. ಕಡೆಗೆ ಸೋಲಬೇಕಾದ ದಿನ ಸೋಲುತ್ತಾನೆ, ಜನರ ಸಿಟ್ಟು ತಣ್ಣಗಾಗಿ ಮನೆಗೆ ಹೋಗುತ್ತಾರೆ. ನಿಕಾಲಿಯಲ್ಲಿ ಆ ಖಾತ್ರಿ ಇಲ್ಲ. ನಾವು ಸಿಟ್ಟೆಬ್ಬಿಸಿದ 'ವಿಲನ್' ಗೆದ್ದೇಬಿಟ್ಟರೆ? ಕರಾಚಿಯಲ್ಲಿ ಆದದ್ದು ಅದೇ. ಗೆಲ್ಲುವವನನ್ನು ಮೊದಲೇ ಗೊತ್ತು ಮಾಡಿಬಿಡೋಣ ಅಂದರೆ, ಬೆಳಗ್ಗೆ ನಾಲ್ಕಕ್ಕೆ ಎದ್ದು ದಂಡ ಬೈಠಕ್ ಹೊಡೆಯುವ ಹುಡುಗನ ಮುಖ ನೋಡುವುದು ಹೇಗೆ? ಷೋ ಬೇಕಿದ್ದರೆ ಷೋ ಅಂತ ಬೋರ್ಡ್ ಹಾಕಿ ಬೇರೆ ದಿನ, ಬೇರೆ ಕಣದಲ್ಲಿ, ಬೀಳುವುದನ್ನು ಕಲಿತವರಿಂದ ಮಾಡಿಸಲಿ. ಅದಕ್ಕೆ ನನ್ನ ಅಡ್ಡಿ ಇಲ್ಲ. ಅದು ಬೇರೆ ವಿದ್ಯೆ, ದೊಡ್ಡ ವಿದ್ಯೆ.

ಮುಂದಿನ ವರ್ಷಗಳು

1981ರಲ್ಲಿ ಇನೋಕಿಯ ಕಂಪನಿ ಬಾಬಾನ ಕಡೆಯಿಂದ ಅಬ್ದುಲ್ಲಾ ದಿ ಬುಚರ್ ಎಂಬ ವಿಲನ್‌ನನ್ನು ಸೆಳೆದುಕೊಂಡಿತು. ಅದಕ್ಕೆ ಉತ್ತರವಾಗಿ ಬಾಬಾ ಸಿಂಗ್‌ನನ್ನು ತನ್ನ ಕಡೆಗೆ ಕರೆದೊಯ್ದ. ಎರಡು ಕಂಪನಿಗಳು ಕಿತ್ತಾಡಿದ್ದು ವಿಲನ್‌ಗಳಿಗಾಗಿ ಅನ್ನುವುದನ್ನು ಗಮನಿಸಿ. ತೊಂಬತ್ತರ ದಶಕದಲ್ಲಿಯೂ ಸಿಂಗ್ ಜಪಾನಿನ ಸಣ್ಣ ಕಂಪನಿಗಳಲ್ಲಿ ಕತ್ತಿ ಬೀಸುತ್ತಿದ್ದ. ಅವನ ಮಗ ಟೈಗರ್ ಅಲಿ ಸಿಂಗ್ ಅಮೆರಿಕದ ಡಬ್ಲ್ಯುಡಬ್ಲ್ಯುಎಫ್‌ಗೆ, ಅಂದರೆ ಈಗಿನ ಡಬ್ಲ್ಯುಡಬ್ಲ್ಯುಇಗೆ, ಹೋದ. ಹುಬ್ಬಳ್ಳಿಯಲ್ಲಿ ಕೇಬಲ್ ಟಿವಿ ಬಂದು, ನಾವು ಕುಸ್ತಿಪಟುಗಳ ಚಿತ್ರದ ಟ್ರಂಪ್ ಕಾರ್ಡ್ ಆಡುತ್ತ ಅವರ ಎದೆ ಸುತ್ತಳತೆ, ತೂಕ ಬಾಯಿಪಾಠ ಮಾಡುತ್ತಿದ್ದ ಕಾಲ ಅದು. ಅಪ್ಪನ ಕಥೆ ನಮಗೆ ಯಾರೂ ಹೇಳಿರಲಿಲ್ಲ.

1990ರ ಸೆಪ್ಟೆಂಬರ್‌ನಲ್ಲಿ ಇನೋಕಿ ಕಣಕ್ಕಿಳಿದು ಮೂವತ್ತು ವರ್ಷ ತುಂಬಿದ ಸಂಭ್ರಮ, ಯೊಕೊಹಾಮಾದಲ್ಲಿ. ಜೋಡಿ ಕುಸ್ತಿ. ಆ ದಿನ ಇನೋಕಿಯ ಪಕ್ಕದಲ್ಲಿ ಜೊತೆಗಾರನಾಗಿ ನಿಂತವನು ಟೈಗರ್ ಜೀತ್ ಸಿಂಗ್. ಹೆಂಡತಿಯ ಮುಂದೆ ಹೊಡೆದವನು, ತೋಳು ಮುರಿಸಿಕೊಂಡವನು. ಜನ ಇಬ್ಬರಿಗೂ ಕೂಗಿದರು. ಇನೋಕಿ 2022ರ ಅಕ್ಟೋಬರ್ 1ರಂದು ತೀರಿಕೊಂಡ. ಸಿಂಗ್ ಕೆನಡಾದಲ್ಲಿ ಉಳಿದು ಮಕ್ಕಳಿಗಾಗಿ ದಾನಧರ್ಮದ ಕೆಲಸ ಕಟ್ಟಿಕೊಂಡ. ಅಲ್ಲಿನ ಮಿಲ್ಟನ್ ಊರಿನಲ್ಲಿ 2010ರಲ್ಲಿ ಒಂದು ಸರ್ಕಾರಿ ಶಾಲೆಗೆ ಅವನ ಹೆಸರನ್ನೇ ಇಟ್ಟರು: ಟೈಗರ್ ಜೀತ್ ಸಿಂಗ್ ಪಬ್ಲಿಕ್ ಸ್ಕೂ‌ಲ್. ಒಂದು ದೇಶದಲ್ಲಿ ಮಕ್ಕಳು ಹೆದರಿ ಅಳುತ್ತಿದ್ದ ಹೆಸರಿನ ಕೆಳಗೆ ಇನ್ನೊಂದು ದೇಶದಲ್ಲಿ ಮಕ್ಕಳು ಅ ಆ ಕಲಿಯುತ್ತಿದ್ದಾರೆ.

ಇದನ್ನೆಲ್ಲ ನಾನು ಕಮಿಟಿಯಲ್ಲಿ ಹೇಳಿದೆ, ಇಷ್ಟು ಉದ್ದ ಅಲ್ಲದಿದ್ದರೂ. ಆ ಹುಡುಗ ಮೊಬೈಲ್ ತೆಗೆದು ಒಸಾಕಾದ ತುಣುಕು ಹುಡುಕಿ ವಸ್ತಾದರಿಗೆ ತೋರಿಸಿದ. ಅವರು ಕನ್ನಡಕ ಏರಿಸಿ, ಆ ತೋಳಿನ ಪಟ್ಟನ್ನು ಎರಡೆರಡು ಸಲ ನೋಡಿದರು. "ಹಿಡಿಯಾವ ಶ್ಯಾಣ್ಯಾ ಅದಾನ, ಕರೆ. ಕೊಟ್ಟಾವ ಇನ್ನೂ ಶ್ಯಾಣ್ಯಾ," ಅಂದರು.

ವಿಲನ್ ಬೇಡ ಅಂತಾಯಿತು. ಬದಲಿಗೆ ಬೇರೆ ಕೆಲವು ಮಾತು ಬರೆದುಕೊಂಡೆವು. ಹೊರಗಿನಿಂದ ಬರುವ ಪೈಲವಾನರಿಗೆ ದಾರಿಖರ್ಚು ಕುಸ್ತಿಗೆ ಮೊದಲೇ ಕೈಗೆ ಕೊಡುವುದು. ಮೈಕ್ ಹಿಡಿದವರು ಅವರ ಹೆಸರು, ಗರಡಿ, ವಸ್ತಾದರ ಹೆಸರು ಹೇಳಿ ಪರಿಚಯ ಮಾಡಿಸುವುದು. ಊರು, ಜಾತಿ ಎತ್ತಿ ಯಾರಾದರೂ ಕೂಗಿದರೆ ಹಲಗಿ ನಿಲ್ಲಿಸಿ ಕುಸ್ತಿ ತಡೆಯುವುದು. ಕೈಕಾಲು ತೊಳೆಯಲು ನೀರು, ಊಟ, ರಾತ್ರಿ ಬಸ್ ತನಕ ಇಬ್ಬರು ಹುಡುಗರ ಜೊತೆ. ಆ ಇಬ್ಬರಲ್ಲಿ ಒಬ್ಬನಾಗಿ ತನ್ನ ಹೆಸರು ಬರೆಸಿದ್ದು, ವಿಲನ್ ಬೇಕು ಅಂದಿದ್ದ ಅದೇ ಹುಡುಗ.